ಚಿತ್ರಕ್ಕೆ ಬೆಳಕಿಟ್ಟವರು

ಚಲನಚಿತ್ರವೊಂದರ ಚಿತ್ರೀಕರಣವೆಲ್ಲ ಮುಗಿದು, ನಟನಟಿಯರು ಬಣ್ಣ ತೊಳೆದುಕೊಂಡು ತಂತಮ್ಮ ಮನೆಗಳಿಗೆ ಹೋದ ಮೇಲೆ, ಕತ್ತಲೆಗೋಣೆಯಲ್ಲಿ ಕುಳಿತ ಕುಶಲಿಯೊಬ್ಬನು ಹಗಲಿನಲ್ಲಿ ಹಿಡಿದ ದೃಶ್ಯಕ್ಕೆ ಇರುಳನ್ನು ಹೊದಿಸಿ, ಆ ಇರುಳಿಗೆ ಬೆಳದಿಂಗಳನ್ನು ಸುರಿದು, ಆರಿಹೋದ ಹಣತೆಗೆ ಜ್ವಾಲೆಯನ್ನೂ, ಜ್ವಾಲೆಯ ಹೊಂಬಣ್ಣವನ್ನು ನಾಯಕಿಯ ಕೆನ್ನೆಗೂ ಕೊಡುವನೆಂಬ ಸಂಗತಿ ಸಿನಿಮಾ ನೋಡುವವರಲ್ಲಿ ಅನೇಕರಿಗೆ ಈಗ ತಿಳಿದಿದೆ. ಇದು ಕಂಪ್ಯೂಟರಿನೊಡನೆ ಹುಟ್ಟಿದ ವಿದ್ಯೆಯೆಂದು ಜನ ಸಾಮಾನ್ಯವಾಗಿ ಎಣಿಸುತ್ತಾರೆ. ಆದರೆ ಚಿತ್ರ ಮೊದಲು, ಬೆಳಕು ಆಮೇಲೆ ಎಂಬ ಈ ಕ್ರಮವು ತುಂಗಭದ್ರೆಯ ಎಡದಂಡೆಯ ನಾಡಿಗೆ, ಎಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸೀಮೆಗೆ, ಚಲನಚಿತ್ರವೆಂಬ ಹೆಸರೇ ಇಲ್ಲದಿದ್ದ ಕಾಲದಿಂದಲೂ ಪರಿಚಿತವಾದದ್ದು. ತೊಗಲಿನ ಮೇಲೆ ರಾಮನನ್ನು ಬರೆದು, ಒಣಗಿಸಿ, ಸುತ್ತಿಟ್ಟು, ಎಂದೋ ಒಂದು ರಾತ್ರಿ ಯಾವುದೋ ಊರಿನ ಬಯಲಿನಲ್ಲಿ ಆ ರಾಮನ ಬೆನ್ನ ಹಿಂದೆ ದೀಪವನ್ನಿಟ್ಟವರು ಮಾಡಿದ್ದೂ, ಮರದ ಗೊಂಬೆಗೆ ಬಣ್ಣವೆಲ್ಲ ತುಂಬಿದ ತರುವಾಯ ಹೊಳಪನ್ನು ಲೇಪಿಸಿದವರು ಮಾಡಿದ್ದೂ, ಮೂಲದಲ್ಲಿ ಆ ಕತ್ತಲೆಗೋಣೆಯ ಕೆಲಸವೇ. ಈ ಪರಂಪರೆಯ ಕಥೆಯನ್ನು ಒಂದೆಡೆ ಸೇರಿಸಿ ನೋಡುವುದು ಯೋಗ್ಯವೆಂದು ನನಗೆ ತೋರುತ್ತದೆ.

ಕೊಪ್ಪಳವು ಪ್ರಾಚೀನವಾದ ಊರು. ಗವಿಮಠದ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ; ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನೆಲೆಯನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ, ಎಂದರೆ ಇಂದಿನ ಕೊಪ್ಪಳವೂ, ಒಂದು; ಜೈನರಿಗೆ ಅದು ಮಹಾತೀರ್ಥವಾಗಿದ್ದಿತು. ಗಂಗಾವತಿಗೆ ಸಮೀಪದ ಹಿರೇಬೆಣಕಲ್ಲಿನ ಗುಡ್ಡದಲ್ಲಿ ನೂರಾರು ಶಿಲಾಸಮಾಧಿಗಳೂ, ಬಂಡೆಗಳ ಆಸರೆಯಲ್ಲಿ ಕೆಮ್ಮಣ್ಣಿನ ಚಿತ್ರಗಳೂ ಉಳಿದಿವೆ. ಆ ಆದಿಮ ಚಿತ್ರಗಳಲ್ಲಿ ಮನುಷ್ಯರಿದ್ದಾರೆ, ಮೃಗಗಳಿವೆ. ಬೆಳಕಿಲ್ಲ, ನೆಳಲೂ ಇಲ್ಲ. ಆಕೃತಿಯೊಂದೇ ಸಾಕೆಂದು ತಿಳಿದ ಕೈಗಳು ಅವನ್ನು ಬರೆದುವು. ಆಕೃತಿಯಿಂದ ಬೆಳಕನ್ನು ಬೇರ್ಪಡಿಸಿ, ಅದನ್ನು ತನ್ನದೇ ಆದ ಒಂದು ಪದಾರ್ಥವೆಂಬಂತೆ ಚಿತ್ರಕಾರನು ಯೋಚಿಸಲಾರಂಭಿಸಿದ್ದು ಬಹಳ ಕಾಲದ ಮೇಲೆ.

ಹಾಗೆ ಯೋಚಿಸಿದವರ ಮಾತುಗಳು ನಮ್ಮ ಶಾಸ್ತ್ರಗ್ರಂಥಗಳಲ್ಲಿ ದೊರೆಯುತ್ತವೆ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರಭಾಗವು ಉಬ್ಬುತಗ್ಗುಗಳನ್ನು ತೋರಿಸಲು ಛಾಯೆಯನ್ನು ತುಂಬುವ ಮೂರು ಬಗೆಯ ವರ್ತನಾಕ್ರಮಗಳನ್ನು ಹೇಳುವುದಲ್ಲದೆ, ಹಗಲನ್ನೂ ಇರುಳನ್ನೂ ಬೆಳದಿಂಗಳನ್ನೂ ಚಿತ್ರದಲ್ಲಿ ಹೇಗೆ ತಿಳಿಯಪಡಿಸಬೇಕೆಂಬುದನ್ನೂ ವಿಚಾರಿಸುತ್ತದೆ. ಅದರ ಅಭಿಪ್ರಾಯ ಸೂಕ್ಷ್ಮವಾದದ್ದು. ಬೆಳದಿಂಗಳನ್ನು ತೋರಿಸಬೇಕೆ? ಅರಳಿದ ನೈದಿಲೆಗಳನ್ನು ಬರೆಯಬೇಕು. ಉರಿಬಿಸಿಲನ್ನು ತೋರಿಸಬೇಕೆ? ಬೇಗೆಯಿಂದ ಬಳಲಿದ ಪ್ರಾಣಿಗಳನ್ನು ಬರೆಯಬೇಕು. ಇರುಳಿಗೆ ನಕ್ಷತ್ರಗಳ ಜೊತೆಗೆ ನಿದ್ರಿಸುವ ಮನುಷ್ಯರೂ ಹೊಂಚುವ ಕಳ್ಳರೂ ಬೇಕು. ಬೆಳಕನ್ನು ಬೆಳಕಾಗಿಯೇ ಬರೆಯಲಾಗದು, ಅದು ಯಾವುದನ್ನು ಮುಟ್ಟಿತೋ ಅದರಲ್ಲಿ ಉಂಟಾದ ಪರಿಣಾಮದಿಂದ ಅದನ್ನು ಅರಿಯಬೇಕು ಎಂಬ ಈ ತತ್ತ್ವವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳಲಿರುವ ಸಿನಿಮಾ ಬೆಳಕಿನ ಗೆಲವೂ ಸೋಲೂ ಇದರಲ್ಲಿಯೇ ಅಡಗಿವೆ.

ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ದಂಡನಾಯಕ ಮಹಾದೇವನು ಕಟ್ಟಿಸಿದ, ಶಾಸನವು ‘ದೇವಾಲಯ ಚಕ್ರವರ್ತಿ’ಯೆಂದು ಕರೆದಿರುವ ಗುಡಿಯಿದೆ. ಅದು ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಕಾಲ. ಅಲ್ಲಿಯ ಕಡೆದ ಕಂಬಗಳ ನುಣುಪಿನ ಮೇಲೆ ಬಾಗಿಲಿನಿಂದ ಬಂದ ಬೆಳಕು ಹರಿದಾಡುವುದನ್ನು ಕಂಡವರಿಗೆ, ಕಲ್ಲನ್ನು ಕಡೆದು ಮುಗಿಸಿದ ಮೇಲೂ ಶಿಲ್ಪಿಗೆ ಒಂದು ಕೆಲಸ ಉಳಿದಿದ್ದಿತೆಂಬುದು, ಆ ಕೆಲಸ ಬೆಳಕಿಗೆ ಎಡೆಮಾಡಿಕೊಡುವುದೇ ಆಗಿದ್ದಿತೆಂಬುದು ಹೇಳದೆಯೇ ವೇದ್ಯವಾಗುತ್ತದೆ. ಅದೇ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಚಿತ್ರಕರ್ಮವನ್ನು ವಿವರಿಸುತ್ತ, ಬಂಗಾರದ ತಗಡನ್ನು ಅರೆದು, ತೊಳೆದು, ವಜ್ರಲೇಪವೆಂಬ ಅಂಟಿನಲ್ಲಿ ಕಲಸಿ ಚಿತ್ರದ ಮೇಲೆ ಹಚ್ಚಿ, ಒಣಗಿದ ಮೇಲೆ ಕಾಡುಹಂದಿಯ ಕೋರೆಹಲ್ಲಿನಿಂದ ಮೆಲ್ಲನೆ ಉಜ್ಜಿ ಮಿಂಚಿನ ಕಾಂತಿಯನ್ನು ಬರಿಸಬೇಕೆಂದು ಹೇಳಿದ್ದಾನೆ. ಚಿತ್ರ ಮುಗಿದ ಬಳಿಕ ಕಾಂತಿಯನ್ನು ಬೇರೆಯಾಗಿ ಕೊಡುವ ವಿಧಾನವನ್ನು ಅರಸನೊಬ್ಬನು ಇಷ್ಟು ಅಕ್ಕರೆಯಿಂದ ಬರೆದಿಟ್ಟಿರುವುದು ನಮ್ಮ ಭಾಗ್ಯ.

ಈ ವಿದ್ಯೆಯ ಜೀವಂತ ಸೋದರಿಯನ್ನು ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಇಂದಿಗೂ ಕಾಣಬಹುದು. ಅಲ್ಲಿಯ ಚಿತ್ರಗಾರ ಮನೆತನದವರು ಹಗುರವಾದ ಮರದಿಂದ ಗೌರಿಯನ್ನೂ ಗರುಡನನ್ನೂ ಗಣಪನನ್ನೂ ಬಿಡಿಬಿಡಿ ಭಾಗಗಳಾಗಿ ಕೆತ್ತಿ, ಹುಣಿಸೆ ಬೀಜದ ಸರಿಯಿಂದ ಜೋಡಿಸಿ, ನೆನೆಸಿ ಒಣಗಿಸಿ ಪುಡಿಮಾಡಿದ ಗೋಣಿಯ ನಾರನ್ನೂ ಮರದ ಹೊಟ್ಟನ್ನೂ ಕೂಡಿಸಿದ ‘ಕಿಟ್ಟ’ವನ್ನು ಮೈಗೆಲ್ಲ ಮೆತ್ತಿ, ಅದರ ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸಿ, ಕಲ್ಲುಪುಡಿಯ ಲೇಪದಿಂದ ಒಡವೆಗಳನ್ನು ಉಬ್ಬಿಸಿ, ಆಮೇಲೆ ಬಣ್ಣ ತುಂಬುತ್ತಾರೆ. ಹೊಳಪಿಗೆ ಅವರು ಬಳಸುವ ಸಾಂಪ್ರದಾಯಿಕ ಲೇಪಕ್ಕೆ ಲಜವಾರವೆಂದು ಹೆಸರು. ಅದಕ್ಕೆ ಬೇಕಾದದ್ದು ಬಂಗಾರವಲ್ಲ, ತವರ. ಬಡವರ ಮನೆಯ ಗೌರಿಗೂ ಹೊನ್ನಿನ ಕಾಂತಿ ಬರಬೇಕೆಂಬ ಕರುಣೆಯಿಂದಲೋ ಏನೋ, ಸೋಮೇಶ್ವರನ ಸುವರ್ಣದ ಸ್ಥಾನದಲ್ಲಿ ಇವರು ತವರವನ್ನಿಟ್ಟರು. ದೀಪದ ಮುಂದೆ ನಿಲ್ಲಿಸಿದಾಗ ಅದು ಬಂಗಾರದ ಕೆಲಸವನ್ನೇ ಮಾಡುತ್ತದೆ. ತಮ್ಮ ಪೂರ್ವಿಕರು ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಛಾವಣಿಯಲ್ಲಿ ಗಿರಿಜಾಕಲ್ಯಾಣವನ್ನೂ ಅರ್ಜುನನ ಮತ್ಸ್ಯಭೇದವನ್ನೂ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆಯನ್ನೂ ಬರೆದವರೆಂಬ ನಂಬಿಕೆ ಈ ಮನೆತನಗಳಲ್ಲಿದೆ. ಕಿನ್ನಾಳದ ಗೊಂಬೆಗಳಿಗೆ ಇಂದು ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಆದರೆ ನಮ್ಮ ವಿಷಯದ ನಿಜವಾದ ತವರು ತೊಗಲು ಗೊಂಬೆಯಾಟ. ಕಿಳ್ಳೇಕ್ಯಾತರೆಂದೂ ಶಿಳ್ಳೇಕ್ಯಾತರೆಂದೂ ಕಟಬುಗಳೆಂದೂ ಕರೆಯಲ್ಪಡುವ, ಮನೆಯಲ್ಲಿ ಮರಾಠಿಯ ಒಂದು ಉಪಭಾಷೆಯನ್ನೂ ಪರದೆಯ ಹಿಂದೆ ಸೊಗಸಾದ ಕನ್ನಡವನ್ನೂ ಆಡುವ ಜನ ಇದನ್ನು ಊರೂರಿಗೆ ಕೊಂಡೊಯ್ದರು. ಹೊಳೆಯ ದಡದಲ್ಲಿದ್ದಾಗ ಮೀನು ಹಿಡಿಯುವುದು, ಸುಗ್ಗಿ ಕಳೆದು ಊರಿಗೆ ಬಿಡುವು ದೊರೆತಾಗ ಗೊಂಬೆ ಆಡಿಸುವುದು ಅವರ ಜೀವನಕ್ರಮವಾಗಿದ್ದಿತು. ಕುಷ್ಟಗಿ ಯಲಬುರ್ಗಾಗಳಂತಹ ಮಳೆ ಕಡಮೆಯ ಸೀಮೆಯಲ್ಲಿ ಅವರಿಗೆ ಮತ್ತೊಂದು ಗೌರವವೂ ಇದ್ದಿತು. ಗೊಂಬೆ ಆಡಿಸಿದರೆ ಮಳೆ ಬರುತ್ತದೆ, ದನಕರುಗಳ ಬೇನೆ ತೊಲಗುತ್ತದೆ ಎಂಬ ನಂಬಿಕೆಯಿಂದ, ಮುಗಿಲು ಬರಿದಾದ ವರ್ಷಗಳಲ್ಲಿ ಊರಿನವರೇ ಅವರನ್ನು ಕರೆಸಿಕೊಳ್ಳುವ ವಾಡಿಕೆಯಿದ್ದಿತು.

ಗೊಂಬೆಯನ್ನು ಮಾಡುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬಹುತೇಕ ಆಡಿನ ಚರ್ಮ; ಹಿಂದೆ ಜಿಂಕೆಯ ಚರ್ಮವೂ ಇದ್ದಿತು. ಕೂದಲನ್ನು ತೆಗೆದು, ಹೆರೆದು, ಎಳೆದು ಕಟ್ಟಿ ಒಣಗಿಸಿದರೆ ಅದು ಬೆಳಕನ್ನು ಪೂರ್ತಿಯಾಗಿ ತಡೆಯದೆಯೂ ಪೂರ್ತಿಯಾಗಿ ಬಿಡದೆಯೂ ಇರುವ ಒಂದು ಹದಕ್ಕೆ ಬರುತ್ತದೆ. ಆ ಹದವೇ ಸರ್ವಸ್ವ. ಅದರ ಮೇಲೆ ರೇಖೆಗಳನ್ನು ಎಳೆದು, ಒಡವೆಗಳಿರುವೆಡೆ, ಬಟ್ಟೆಯ ಅಂಚಿನಲ್ಲಿ, ಕಿರೀಟದ ಸುತ್ತ, ಸಣ್ಣ ಉಳಿಯಿಂದ ರಂಧ್ರಗಳನ್ನು ಕೊರೆದು, ಕೆಂಪು, ಹಸಿರು, ಕಪ್ಪು ಬಣ್ಣಗಳನ್ನು ಎರಡು ಮೈಗೂ ತುಂಬುತ್ತಾರೆ. ಹಗಲಿನಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಆ ಗೊಂಬೆ ಮಂಕಾದ, ಕಂದಿದ, ಅಷ್ಟೇನೂ ಚೆಲುವಲ್ಲದ ವಸ್ತು. ಬರೆದವನಿಗೆ ಅದರ ಚಿಂತೆಯಿಲ್ಲ. ಏಕೆಂದರೆ ಅವನು ಬರೆದದ್ದು ಹಗಲಿನ ಕಣ್ಣಿಗಾಗಿ ಅಲ್ಲ. ಹಿಂದಿನಿಂದ ದೀಪ ಬಂದಾಗ ಯಾವ ಬಣ್ಣ ಎಷ್ಟು ಎದ್ದೀತು, ಯಾವ ರಂಧ್ರ ಮುತ್ತಾಗಿ ಮಿನುಗೀತು, ಎಲ್ಲಿ ಕಪ್ಪು ಗಟ್ಟಿಯಾಗಿ ನಿಂತೀತು ಎಂಬುದನ್ನೆಲ್ಲ ಅವನು ಮನಸ್ಸಿನಲ್ಲಿಯೇ ಎಣಿಸಿಕೊಂಡಿರುತ್ತಾನೆ. ಇನ್ನೂ ಹೊತ್ತಿಸದಿರುವ ಬೆಳಕಿಗಾಗಿ ಚಿತ್ರವನ್ನು ಸಿದ್ಧಪಡಿಸುವ ಈ ದೂರದೃಷ್ಟಿಯು, ನಾಳೆ ಕತ್ತಲೆಗೋಣೆಯಲ್ಲಿ ಸೇರಿಸಲಿರುವ ಜ್ವಾಲೆಗಾಗಿ ಇಂದು ಮಂದಪ್ರಕಾಶದಲ್ಲಿ ಚಿತ್ರೀಕರಿಸುವ ಆಧುನಿಕ ಛಾಯಾಗ್ರಾಹಕನಿಗೂ ಬೇಕಾದದ್ದು.

ರಾತ್ರಿಯಾದ ಮೇಲೆ ಬಿಳಿಯ ಪಂಚೆಯೊಂದನ್ನು ಕಟ್ಟಿ, ಅದರ ಹಿಂದೆ ನಡುಮಧ್ಯಕ್ಕೆ ದೀಪವನ್ನು ತೂಗಿಬಿಡುತ್ತಿದ್ದರು. ಒಂದೇ ದೀಪವಾದುದರಿಂದ ಪರದೆಯ ನಡುವೆ ಬೆಳಕು ತುಂಬಿ, ಅಂಚುಗಳ ಕಡೆಗೆ ಕ್ರಮವಾಗಿ ಕರಗುತ್ತಿದ್ದಿತು. ಬದಿಯಿಂದ ಪ್ರವೇಶಿಸುವ ಪಾತ್ರವು ನಸುಗತ್ತಲೆಯಿಂದ ಹೊರಟು ಬೆಳಕಿಗೆ ಬರುತ್ತಿದ್ದಿತು. ಗೊಂಬೆಯನ್ನು ಪಂಚೆಗೆ ಒತ್ತಿ ಹಿಡಿದರೆ ರೇಖೆಗಳು ಖಚಿತ. ಹಿಂದಕ್ಕೆ, ದೀಪದ ಕಡೆಗೆ ಸೆಳೆದರೆ ಆಕೃತಿ ಹಿಗ್ಗುತ್ತದೆ, ಅಂಚು ಮಸುಕಾಗುತ್ತದೆ. ಹನುಮಂತನು ಆಕಾಶಕ್ಕೆ ಬೆಳೆಯುವುದಕ್ಕೂ ರಾಕ್ಷಸನು ಮಾಯವಾಗುವುದಕ್ಕೂ ಬೇರೆ ಯಂತ್ರ ಬೇಕಾಗಿರಲಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ, ಎಣ್ಣೆಯ ದೀಪದ ಜ್ವಾಲೆಯು ಗಾಳಿಗೆ ಅಲುಗಿದಾಗ ಪರದೆಯ ಮೇಲಿನ ಲೋಕವೆಲ್ಲ ಒಟ್ಟಿಗೆ ಉಸಿರಾಡಿದಂತೆ ಕಂಪಿಸುತ್ತಿದ್ದಿತು. ಇಲ್ಲಿ ಗಮನಿಸಬೇಕಾದ ಮುಖ್ಯಾಂಶವೊಂದಿದೆ. ಬೆಳಕು ಬದಲಾದರೆ ರಾಮನೂ ಬದಲಾಗುತ್ತಿದ್ದನು, ಅವನ ಬಿಲ್ಲೂ ಬದಲಾಗುತ್ತಿದ್ದಿತು, ಅವನು ನಿಂತ ಮರದಡಿಯೂ ಬದಲಾಗುತ್ತಿದ್ದಿತು. ಒಂದನ್ನು ಬೆಳಗಿ ಮತ್ತೊಂದನ್ನು ಮರೆಯುವ ತಪ್ಪು ಆ ದೀಪಕ್ಕೆ ಸಾಧ್ಯವೇ ಇರಲಿಲ್ಲ. ಚಿತ್ರಕ್ಕೆ ಆಮೇಲೆ ಸೇರಿಸಿದ ಬೆಳಕಾದರೂ ಅದು ಇಡೀ ದೃಶ್ಯಕ್ಕೆ ಏಕಕಾಲದಲ್ಲಿ ಹೊಣೆಯಾಗಿದ್ದಿತು. ಸಿನಿಮಾ ಈ ಹೊಣೆಯನ್ನು ಕಲಿತುಕೊಳ್ಳಲು ನೂರು ವರ್ಷ ಹಿಡಿಯಿತೆಂದರೆ ಅತಿಶಯವಾಗದು.

ಈ ಆಟವನ್ನು ಉಳಿಸಿಕೊಂಡು ಬಂದವರಲ್ಲಿ ಒಬ್ಬರಾದ, ಕೊಪ್ಪಳ ತಾಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಆಗ ಅವರಿಗೆ 96 ವರ್ಷ. ಅದರಲ್ಲಿ 70ಕ್ಕೂ ಹೆಚ್ಚು ವರ್ಷ ರಾಮಾಯಣ ಮಹಾಭಾರತಗಳನ್ನು ಅವರು ಗೊಂಬೆಗಳಿಂದ ಆಡಿಸಿದ್ದರು. ನೆರೆಯ ಬಳ್ಳಾರಿಯಲ್ಲಿ ರಂಗಭೂಮಿಯಿಂದ ಬಂದ ಬೆಳಗಲ್ಲು ವೀರಣ್ಣನವರು ಈ ಕಲೆಯನ್ನು ಕೈಗೆತ್ತಿಕೊಂಡು, ಸ್ವಾತಂತ್ರ್ಯ ಸಂಗ್ರಾಮದ ಕಥೆಯನ್ನೂ ಗಾಂಧೀಜಿಯವರ ಕಥೆಯನ್ನೂ ತೊಗಲು ಗೊಂಬೆಗಳಲ್ಲಿ ತಂದರು. ಕರ್ನಾಟಕ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ. ಎಸ್. ನಂಜುಂಡರಾಯರು ಹಳೆಯ ಗೊಂಬೆಗಳನ್ನು ಊರೂರುಗಳಿಂದ ಸಂಗ್ರಹಿಸಿ ಉಳಿಸಿದರು. ಈ ಮೂವರಿಗೂ ಕನ್ನಡಿಗರು ಋಣಿಗಳು.

ಗಂಗಾವತಿಯ ಆನೆಗೊಂದಿಯಿಂದ ಹೊಳೆಯನ್ನು ದಾಟಿದರೆ ಹಂಪೆ. ವಿರೂಪಾಕ್ಷ ದೇವಾಲಯದ ಕತ್ತಲೆಯ ಕೋಣೆಯೊಂದರ ಗೋಡೆಯ ಮೇಲೆ, ಎದುರಿನ ಸಣ್ಣ ಕಿಂಡಿಯಿಂದ ತೂರಿಬಂದ ಬೆಳಕಿನಲ್ಲಿ, ಪೂರ್ವದ ದೊಡ್ಡ ಗೋಪುರವು ತಲೆಕೆಳಗಾಗಿ ಮೂಡುವುದನ್ನು ಯಾತ್ರಿಕರೆಲ್ಲ ಕಂಡು ಬೆರಗಾಗುತ್ತಾರೆ. ಗೋಪುರದ ತುದಿಯಿಂದ ಹೊರಟ ಕಿರಣವು ಕಿಂಡಿಯನ್ನು ಹಾಯ್ದು ಗೋಡೆಯ ಕೆಳಭಾಗವನ್ನೂ, ಬುಡದಿಂದ ಹೊರಟದ್ದು ಮೇಲ್ಭಾಗವನ್ನೂ ಸೇರುವುದೇ ಇದಕ್ಕೆ ಕಾರಣ. ಕ್ಯಾಮೆರಾದ ಮೂಲತತ್ತ್ವವೂ ಇದೇ. ಒಂದು ದಂಡೆಯಲ್ಲಿ ದೀಪವನ್ನು ಚಿತ್ರದ ಹಿಂದಿಟ್ಟು ಆಡುವ ಕಲೆ, ಇನ್ನೊಂದು ದಂಡೆಯಲ್ಲಿ ಬೆಳಕು ತಾನಾಗಿಯೇ ಚಿತ್ರವನ್ನು ಬರೆಯುವ ವಿಸ್ಮಯ. ಈ ಎರಡೂ ಕೂಡಿದರೆ ಸಿನಿಮಾ.

ಅದು ಕೂಡಿಬಂದದ್ದು ಮಾತ್ರ ಬೇರೆ ದೇಶದಲ್ಲಿ. 1896ರ ಜುಲೈ 7ರಂದು ಲ್ಯೂಮಿಯೇರ್ ಸೋದರರ ಚಲಿಸುವ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶಿತವಾದುವು. ಮೂಕಿಚಿತ್ರಗಳ ಕಾಲದ ಫಿಲ್ಮ್ ಬೆಳಕನ್ನು ಗ್ರಹಿಸುವುದರಲ್ಲಿ ಮಂದವಾದದ್ದು. ಇರುಳಿನಲ್ಲಿ ಚಿತ್ರ ಹಿಡಿಯುವುದು ಅದರ ಶಕ್ತಿಯನ್ನು ಮೀರಿದ್ದಿತು. ಆದುದರಿಂದ ಹಗಲಿನಲ್ಲಿಯೇ ಹಿಡಿದು, ಪ್ರತಿಯನ್ನು ಬಣ್ಣದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ನೀಲಿಯೆಂದರೆ ಇರುಳು, ಜೇನುಬಣ್ಣವೆಂದರೆ ಮನೆಯೊಳಗಿನ ದೀಪ, ಕೆಂಪೆಂದರೆ ಬೆಂಕಿ ಎಂಬುದು ಲೋಕದ ಪ್ರೇಕ್ಷಕರೆಲ್ಲ ಒಪ್ಪಿಕೊಂಡ ಸಂಕೇತವಾಯಿತು. ಚಿತ್ರೀಕರಣದ ತರುವಾಯ ಬೆಳಕನ್ನು ಸೇರಿಸುವ ಸಿನಿಮಾ ವಿದ್ಯೆಗೆ ಇದೇ ಆದಿ. ಆದರೆ ಇದು ಸಂಕೇತವೇ ಹೊರತು ಸತ್ಯವಲ್ಲ. ನೀಲಿಯಲ್ಲಿ ಅದ್ದಿದ ಮಾತ್ರಕ್ಕೆ ನೆಲದ ಮೇಲಿನ ಸೂರ್ಯನ ನೆಳಲು ಚಂದ್ರನದಾಗುವುದಿಲ್ಲ. ವಾಕ್ಚಿತ್ರ ಬಂದಾಗ ಈ ಪದ್ಧತಿಗೆ ಇನ್ನೊಂದು ವಿಘ್ನ ಒದಗಿತು. ಫಿಲ್ಮಿನ ಅಂಚಿನಲ್ಲಿ ಮುದ್ರಿತವಾದ ಧ್ವನಿಯ ಗೆರೆಯನ್ನು ಓದುವ ದ್ಯುತಿಕೋಶಕ್ಕೆ ಈ ಬಣ್ಣಗಳು ಅಡ್ಡಿಯಾದುವು. ಕೊಡಾಕ್ ಕಂಪನಿಯು 1929ರಲ್ಲಿ ಧ್ವನಿಗೆ ತೊಡಕಾಗದ ಬಣ್ಣದ ಫಿಲ್ಮನ್ನು ತಂದರೂ, ಹಳೆಯ ರೂಢಿ ಕ್ರಮೇಣ ಅಳಿಯಿತು.

ಕನ್ನಡದ ಮೊದಲನೆಯ ವಾಕ್ಚಿತ್ರ ‘ಸತಿ ಸುಲೋಚನ’ವು ಕೊಲ್ಹಾಪುರದ ಛತ್ರಪತಿ ಸಿನಿಟೋನಿನಲ್ಲಿ ತಯಾರಾಗಿ 1934ರ ಮಾರ್ಚಿ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಆಗ ಕೊಪ್ಪಳದ ಸೀಮೆಯು ನಿಜಾಮನ ರಾಜ್ಯದೊಳಗಿದ್ದಿತು, 1948ರವರೆಗೂ ಹಾಗೆಯೇ. ಸಿನಿಮಾ ಇಂತಹ ಊರುಗಳಿಗೆ ಬಂದದ್ದು ಬಹುಮಟ್ಟಿಗೆ ಟೂರಿಂಗ್ ಟಾಕೀಸುಗಳ ಡೇರೆಗಳಲ್ಲಿ. ತೊಗಲು ಗೊಂಬೆಗೆ ಪಂಚೆ ಕಟ್ಟುತ್ತಿದ್ದ ಬಯಲಿನಂತಹ ಬಯಲಿನಲ್ಲಿಯೇ ದೊಡ್ಡ ಪರದೆ ಎದ್ದಿತು. ದೀಪ ಮಾತ್ರ ಪರದೆಯ ಹಿಂದಿನಿಂದ ಪ್ರೇಕ್ಷಕರ ಬೆನ್ನ ಹಿಂದಕ್ಕೆ ಸರಿಯಿತು.

ಇರುಳಿನ ಸಮಸ್ಯೆಯನ್ನು ಆ ಕಾಲದ ಛಾಯಾಗ್ರಾಹಕರು ಹೇಗೆ ಬಗೆಹರಿಸಿಕೊಂಡರೆಂಬುದು ಸ್ವಾರಸ್ಯದ ವಿಷಯ. ಹೊರಾಂಗಣದಲ್ಲಿ ಊರಿಗೆ ಊರನ್ನೇ ಬೆಳಗುವಷ್ಟು ದೀಪಗಳೂ ಜನರೇಟರುಗಳೂ ಎಲ್ಲ ನಿರ್ಮಾಪಕರ ಕೈಗೆಟುಕುವಂತಿರಲಿಲ್ಲ. ಆದುದರಿಂದ ‘ಡೇ ಫಾರ್ ನೈಟ್’ ಎಂಬ ಉಪಾಯ. ಕಪ್ಪು ಬಿಳುಪಿನ ಕಾಲದಲ್ಲಿ ಮಸೂರದ ಮುಂದೆ ಕೆಂಪು ಫಿಲ್ಟರನ್ನು ಇಡುತ್ತಿದ್ದರು; ಅದು ನೀಲಿಯನ್ನು ತಡೆಯುವುದರಿಂದ ನಡುಹಗಲಿನ ಆಕಾಶವೂ ಕಪ್ಪಾಗಿ ಮೂಡುತ್ತಿದ್ದಿತು. ಸೂರ್ಯನು ಬೆನ್ನ ಹಿಂದೆ ಬರುವಂತೆ ನಟರನ್ನು ನಿಲ್ಲಿಸಿಕೊಂಡು, ಕೂದಲಿನ ಮತ್ತು ಹೆಗಲಿನ ಅಂಚು ಮಾತ್ರ ಹೊಳೆಯುವಂತೆ ಮಾಡಿ, ಬೇಕಾದುದಕ್ಕಿಂತ ಕಡಮೆ ಬೆಳಕನ್ನು ಒಳಕ್ಕೆ ಬಿಟ್ಟರೆ, ಸೂರ್ಯನೇ ಚಂದ್ರನಾಗುತ್ತಿದ್ದನು. ವರ್ಣಚಿತ್ರಗಳು ಬಂದ ಮೇಲೆ, ಒಳಾಂಗಣದ ದೀಪಗಳಿಗೆಂದು ಹದಗೊಳಿಸಿದ ಫಿಲ್ಮನ್ನು ತಿದ್ದುವ ಫಿಲ್ಟರಿಲ್ಲದೆ ಬಿಸಿಲಿನಲ್ಲಿ ಬಳಸಿ ನೀಲಿಯನ್ನು ಬರಿಸುತ್ತಿದ್ದರು. ಆಕಾಶ ಚೌಕಟ್ಟಿನೊಳಕ್ಕೆ ಬಾರದಂತೆ ಎಚ್ಚರ ವಹಿಸುತ್ತಿದ್ದರು. ಕ್ಯಾಮೆರಾ ಅರ್ಧ ಕೆಲಸ ಮಾಡಿದರೆ ಉಳಿದರ್ಧವನ್ನು ಪೂರೈಸುತ್ತಿದ್ದುದು ಫಿಲ್ಮನ್ನು ಸಂಸ್ಕರಿಸುವ ಲ್ಯಾಬು. ಮಾರ್ಕಸ್ ಬಾರ್ಟ್ಲೆಯವರು ‘ಮಾಯಾಬಜಾರ್’ (1957) ಚಿತ್ರದ ದೋಣಿಯ ಗೀತದಲ್ಲಿ ಉಂಟುಮಾಡಿದ ಬೆಳದಿಂಗಳನ್ನು ನೆನೆಯದ ದಕ್ಷಿಣ ಭಾರತದ ಹಳೆಯ ಪ್ರೇಕ್ಷಕರು ವಿರಳ. ಅಲ್ಲಿ ನೀರು ಮಿನುಗುತ್ತದೆ, ಮುಖಗಳು ತಣ್ಣಗೆ ಬೆಳಗುತ್ತವೆ. ನೈದಿಲೆಯನ್ನು ಬರೆದು ಬೆಳದಿಂಗಳನ್ನು ತೋರಿಸೆಂದ ಚಿತ್ರಸೂತ್ರದ ಮಾತು ಅಲ್ಲಿ ಸಾರ್ಥಕವಾಗಿದೆ.

ಲ್ಯಾಬಿನ ವಿಷಯವನ್ನು ಹೇಳಲೇಬೇಕು. ಕನ್ನಡ ಚಿತ್ರಗಳು ದಶಕಗಳ ಕಾಲ ಮದರಾಸಿನಲ್ಲಿಯೇ ಸಂಸ್ಕಾರಗೊಂಡು ಹೊರಬರುತ್ತಿದ್ದುವು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾದ ‘ಅಮರಶಿಲ್ಪಿ ಜಕಣಾಚಾರಿ’ಯನ್ನು 1964ರಲ್ಲಿ ಕೊಟ್ಟ ಬಿ. ಎಸ್. ರಂಗಾ ಅವರು ಸ್ವತಃ ಛಾಯಾಗ್ರಾಹಕರು. ಮದರಾಸಿನಲ್ಲಿ ವಿಕ್ರಂ ಸ್ಟುಡಿಯೋವನ್ನೂ ಲ್ಯಾಬನ್ನೂ ಕಟ್ಟಿದವರು. ಲ್ಯಾಬಿನಲ್ಲಿ ನೆಗೆಟಿವಿನಿಂದ ಪ್ರತಿ ತೆಗೆಯುವಾಗ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ಅದರ ಮೂಲಕ ಹಾಯಿಸುತ್ತಿದ್ದರು. ಪ್ರತಿಯೊಂದಕ್ಕೂ 1ರಿಂದ 50ರವರೆಗೆ ಅಂಕಗಳಿದ್ದುವು. ದೃಶ್ಯದಿಂದ ದೃಶ್ಯಕ್ಕೆ, ಶಾಟಿನಿಂದ ಶಾಟಿಗೆ, ಈ ಮೂರು ಅಂಕಗಳನ್ನು ನಿಶ್ಚಯಿಸುತ್ತಿದ್ದವನು ಗ್ರೇಡರ್. ಬೆಳಗಿನ ಹೊತ್ತು ಹಿಡಿದ ಶಾಟಿಗೂ ಸಂಜೆಯಲ್ಲಿ ಹಿಡಿದ ಶಾಟಿಗೂ ಒಂದೇ ಹೊತ್ತಿನ ಬಣ್ಣ ಕೊಡುತ್ತಿದ್ದವನು, ಹಗಲಿನಲ್ಲಿ ಹಿಡಿದ ಇರುಳನ್ನು ನಿಜವಾದ ಇರುಳಾಗಿಸುತ್ತಿದ್ದವನು ಇವನೇ. ಕಪ್ಪನ್ನು ಎಷ್ಟು ಆಳಕ್ಕೆ ಇಳಿಸಿದರೆ ಕತ್ತಲೆಯೆನಿಸೀತು, ಎಷ್ಟಕ್ಕೆ ನಿಲ್ಲಿಸಿದರೆ ಮುಖ ಕಂಡೀತು ಎಂಬ ವಿವೇಕ ಅವನ ಕಣ್ಣಿನಲ್ಲಿದ್ದಿತು. ಆದರೆ ಅವನ ಹೆಸರು ಪ್ರೇಕ್ಷಕನ ಕಿವಿಗೆ ಬಿದ್ದದ್ದೇ ಇಲ್ಲ. ಹಳೆಯ ಚಿತ್ರಗಳ ಆರಂಭದಲ್ಲಿ ಲ್ಯಾಬಿನ ಹೆಸರು ಬರುತ್ತದೆ, ಮೂರು ಅಂಕಗಳನ್ನು ಆರಿಸಿದ ಮನುಷ್ಯನ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಪರದೆಯ ಹಿಂದೆ ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದವನ ಹೆಸರು ಉಳಿಯದ ಹಾಗೆಯೇ ಇವನದೂ ಉಳಿಯಲಿಲ್ಲ. ಇದು ಅನ್ಯಾಯವೆಂದೇ ನನ್ನ ಭಾವನೆ.

ಪೌರಾಣಿಕ ಮತ್ತು ಜಾನಪದ ಚಿತ್ರಗಳಲ್ಲಿ ಈ ವಿದ್ಯೆಯ ಮತ್ತೊಂದು ಮುಖವನ್ನು ಕಾಣುತ್ತೇವೆ. ಉಡುಪಿಯ ಕಡೆಯ ಬಿ. ವಿಠಲಾಚಾರ್ಯರು ಕನ್ನಡದಲ್ಲಿ ಆರಂಭಿಸಿ ತೆಲುಗಿನಲ್ಲಿ ಪ್ರಖ್ಯಾತರಾದ ನಿರ್ದೇಶಕರು. ಮಂತ್ರವಾದಿಯ ದಂಡ, ಅಸ್ತ್ರಗಳ ಕಿರಣ, ಮಾಯಾವಿಯ ಅಂತರ್ಧಾನ ಅವರ ಚಿತ್ರಗಳ ಜೀವಾಳ. ಇಂತಹ ಕಿರಣಗಳನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಕೈಯಲ್ಲಿ ಬರೆದು, ಆಪ್ಟಿಕಲ್ ಪ್ರಿಂಟರಿನ ಮೇಲೆ ಮೂಲಚಿತ್ರಕ್ಕೆ ಹೊಂದಿಸಿ ಮುದ್ರಿಸುತ್ತಿದ್ದರು. ಒಂದು ಸೆಕೆಂಡಿಗೆ 24 ಚೌಕಟ್ಟು. ಮೂರು ಸೆಕೆಂಡಿನ ಕಿರಣಕ್ಕೆ 72 ಚಿತ್ರ. ಆ ಶ್ರಮಕ್ಕೆ ನಮಸ್ಕಾರ. ಆದರೂ ಇಂದು ನೋಡಿದಾಗ ಕಣ್ಣು ಅವನ್ನು ಪೂರ್ತಿಯಾಗಿ ನಂಬದಿರುವುದೇಕೆ? ದೇವತೆಯ ಅಂಗೈಯಿಂದ ಹೊರಟ ಕಿರಣವು ಪ್ರಖರವಾಗಿರುತ್ತದೆ. ಅದು ಹಾದುಹೋದ ದಾರಿಯ ಕಂಬಗಳು ಮಾತ್ರ ಮೊದಲಿನಂತೆಯೇ ಇರುತ್ತವೆ, ದೇವತೆಯ ಮೋರೆಗೂ ಅದರ ಪ್ರಭೆ ತಗಲುವುದಿಲ್ಲ, ಶತ್ರುವಿನ ನೆಳಲು ಹಿಂದಿನ ಗೋಡೆಯ ಮೇಲೆ ಬೀಳುವುದಿಲ್ಲ. ಬೆಳಕು ಬಂದಿತು, ಯಾವುದನ್ನೂ ಮುಟ್ಟಲಿಲ್ಲ. ಮಿಂಚನ್ನು ಸೇರಿಸುವಾಗ ಹೀಗಾಗುತ್ತಿರಲಿಲ್ಲ. ಎರಡು ಮೂರು ಚೌಕಟ್ಟುಗಳನ್ನು ಪೂರ್ತಿಯಾಗಿ ಬೆಳ್ಳಗೆ ಮಾಡಿದರೆ ಇಡೀ ದೃಶ್ಯವೇ ಒಮ್ಮೆಗೆ ಬೆಳಗಿ ಆರುತ್ತಿದ್ದುದರಿಂದ ಅದನ್ನು ಜನ ಸುಲಭವಾಗಿ ನಂಬಿದರು.

ಬೆಳಕನ್ನು ಆಮೇಲೆ ಸೇರಿಸುವುದನ್ನು ಒಪ್ಪದೆ, ಚಿತ್ರೀಕರಣದ ಸ್ಥಳದಲ್ಲಿಯೇ ಅದನ್ನು ಸಾಧಿಸಿದ ಮಹನೀಯರೂ ಇದ್ದರು. ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ಸ್ಟುಡಿಯೋದೊಳಕ್ಕೆ ತಿರುಗಿಸಿ, ಧೂಳು ತೇಲುವ ಆ ಪ್ರಸಿದ್ಧವಾದ ಕಿರಣಸ್ತಂಭವನ್ನು ನಿರ್ಮಿಸಿದರು. 2008ನೆಯ ವರ್ಷದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರದಾಯಿತು. ಛಾಯಾಗ್ರಾಹಕರಲ್ಲಿ ಅದು ಮೊದಲು ದೊರೆತದ್ದು ಅವರಿಗೇ. ಅಂತಹ ಕಿರಣವನ್ನು ಇಂದು ಯಂತ್ರದಲ್ಲಿ ಸೃಷ್ಟಿಸುವವರು, ಮೊದಲು ಮೂರ್ತಿಯವರ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಧೂಳಿನ ಕಣಗಳು ಕಿರಣದ ಒಳಗೆ ಹೇಗೆ ಹುಟ್ಟಿ ಹೊರಗೆ ಹೇಗೆ ಅಳಿಯುತ್ತವೆಂಬುದನ್ನು ಕಲಿಯತಕ್ಕದ್ದು.

ಕಂಪ್ಯೂಟರಿನ ಯುಗ ಇಷ್ಟರಲ್ಲಿ ಬಂದಿತು. 2000ದ ಸುಮಾರಿಗೆ ಇಡೀ ಚಲನಚಿತ್ರವನ್ನೇ ಅಂಕಿಗಳ ರೂಪಕ್ಕೆ ಇಳಿಸಿ ಬಣ್ಣಬೆಳಕುಗಳನ್ನು ತಿದ್ದುವ ಕ್ರಮವು ಅಮೆರಿಕದಲ್ಲಿ ಆರಂಭವಾಯಿತು. ನಮ್ಮ ಚಿತ್ರರಂಗದವರು ಅದನ್ನು ಡಿ.ಐ. (ಡಿಜಿಟಲ್ ಇಂಟರ್ಮೀಡಿಯೇಟ್) ಎಂದು ಕರೆಯುತ್ತಾರೆ. 1998ರಲ್ಲಿ ಪಾಲ್ ಡೆಬೆವೆಕ್ ಎಂಬ ವಿಜ್ಞಾನಿಯು, ಚಿತ್ರೀಕರಣದ ಸ್ಥಳದಲ್ಲಿ ಕನ್ನಡಿಯಂತಹ ಒಂದು ಗೋಳವನ್ನಿಟ್ಟು, ಸುತ್ತಲಿನ ಎಲ್ಲ ದಿಕ್ಕುಗಳಿಂದ ಬರುವ ಬೆಳಕನ್ನು ಅದರಲ್ಲಿ ಸೆರೆಹಿಡಿದು, ಆಮೇಲೆ ಸೇರಿಸುವ ಕೃತಕ ವಸ್ತುವಿಗೆ ಆ ಸ್ಥಳದ ನಿಜವಾದ ಬೆಳಕನ್ನೇ ಕೊಡುವ ವಿಧಾನವನ್ನು ಪ್ರಕಟಿಸಿದನು. ಆಮೇಲೆ ಸೇರಿಸಿದುದಕ್ಕೂ ಸ್ಥಳದ ಬೆಳಕಿಗೂ ಹೊಂದಿಕೆಯಿಲ್ಲದಿದ್ದ ಹಳೆಯ ಕೊರತೆಗೆ ಪರಿಹಾರ ಹೀಗೆ ಸಿಕ್ಕಿತು.

ಪರಿಹಾರ ಸಿಕ್ಕಿತೆಂದ ಮಾತ್ರಕ್ಕೆ ಕೆಲಸ ಸುಲಭವಾಯಿತೆಂದಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಯಲಬುರ್ಗಾದ ಹಳೆಯ ಮಣ್ಣಿನ ಮೇಲ್ಮುದ್ದೆಯ ಮನೆ; ಅವ್ವ ಕೈಯಲ್ಲಿ ಕಂದೀಲು ಹಿಡಿದು ಪಡಸಾಲೆಯಿಂದ ಅಡಿಗೆಯ ಮನೆಗೆ ನಡೆದುಹೋಗುತ್ತಾಳೆ. ಕಂದೀಲು ಹೊತ್ತಿಸಿಲ್ಲ, ಅದನ್ನು ಆಮೇಲೆ ಹೊತ್ತಿಸಬೇಕು. ಗಾಜಿನೊಳಗೆ ಒಂದು ಜ್ವಾಲೆಯನ್ನು ಕೂರಿಸುವುದು ಅತ್ಯಲ್ಪ ಕೆಲಸ. ಬೆಳಕು ಸೊಂಟದ ಮಟ್ಟದಿಂದ ಬರುವುದರಿಂದ ಅವ್ವನ ಗದ್ದದ ಕೆಳಗೆ, ಮೂಗಿನ ಕೆಳಗೆ ಬೆಳಗಬೇಕು, ಕಣ್ಣಿನ ಗುಳಿಗಳು ಮೇಲ್ಮುಖವಾಗಿ ಕತ್ತಲೆಗೊಳ್ಳಬೇಕು. ದೂರ ಇಮ್ಮಡಿಯಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಾಗುವುದರಿಂದ ಹತ್ತಿರದ ಬಾಗಿಲವಾಡ ಉರಿದಂತೆ ಹೊಳೆದು, ಮೂರು ಮಾರು ಆಚೆಯ ಗೋಡೆ ಹೆಚ್ಚುಕಡಮೆ ಕಾಣದಂತಾಗಬೇಕು. ಕಂದೀಲಿನ ಎರಡು ಬದಿಯ ತಂತಿಗಳ ನೆಳಲು ಗೋಡೆಗಳ ಮೇಲೆ ಬಹುದೊಡ್ಡದಾಗಿ ಬಿದ್ದು, ಅವಳ ಹೆಜ್ಜೆಯ ತೂಗಾಟಕ್ಕೆ ತಕ್ಕಂತೆ ಸರಿಯಬೇಕು. ಮೇಲಿನ ತಗಡಿನ ಟೊಪ್ಪಿಗೆ ತೊಲೆಗಳ ಕಡೆಗೆ ಬೆಳಕನ್ನು ಹೋಗಗೊಡದು. ಕೆಳಗಿನ ಎಣ್ಣೆಯ ಬುರುಡೆ ಅವಳ ಪಾದದ ಬಳಿ ಒಂದು ಕಪ್ಪು ವೃತ್ತವನ್ನು ಇಡುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಾವು ಮನುಷ್ಯಸ್ವಭಾವಕ್ಕೆ ಅನ್ವಯಿಸಿ ಆಡುತ್ತೇವೆ. ಈ ಕುಶಲಿಗೆ ಅದು ಅಕ್ಷರಶಃ ಪಾಲಿಸಬೇಕಾದ ನಿಯಮ. ಇನ್ನು ಜ್ವಾಲೆಯ ಬಣ್ಣ: ಹಗಲಿನ ಬೆಳಕಿನ ವರ್ಣತಾಪ ಸುಮಾರು 5600 ಕೆಲ್ವಿನ್ ಆದರೆ ಎಣ್ಣೆದೀಪದ್ದು ಸುಮಾರು 1900, ಅವ್ವನ ಇಳಕಲ್ ಸೀರೆಯ ಕೆಂಪು ಸೆರಗು ಅದರಲ್ಲಿ ಮತ್ತಷ್ಟು ಏಳುತ್ತದೆ, ನೀಲಿಯ ಒಡಲು ಕಪ್ಪಿಗೆ ತಿರುಗುತ್ತದೆ. ಕಡೆಯದಾಗಿ ಅವಳ ಕಣ್ಣಪಾಪೆಯಲ್ಲಿ ಜ್ವಾಲೆಯ ಒಂದು ಚುಕ್ಕೆ ಹೊಳೆಯಬೇಕು. ಅದಿಲ್ಲದಿದ್ದರೆ ಉಳಿದುದೆಲ್ಲ ಸರಿಯಿದ್ದರೂ ಪ್ರೇಕ್ಷಕನಿಗೆ ಕಾರಣ ತಿಳಿಯದ ಒಂದು ಅತೃಪ್ತಿ ಉಳಿಯುತ್ತದೆ. ಇದಕ್ಕೆಲ್ಲ ಯಂತ್ರವು ಸಲಕರಣೆಗಳನ್ನು ಒದಗಿಸುತ್ತದೆ. ಕಂದೀಲಿನ ಬೆಳಕಿನಲ್ಲಿ ಅಡಿಗೆಯ ಮನೆ ಹೇಗಿದ್ದಿತೆಂಬ ನೆನಪನ್ನು ಅದು ಒದಗಿಸಲಾರದು. ಅದನ್ನು ಮನುಷ್ಯನೇ ತರಬೇಕು.

ಆ ನೆನಪು ಈ ಸೀಮೆಯಲ್ಲಿ ಕರಗುತ್ತಿರುವುದಕ್ಕೂ ಒಂದು ಇತಿಹಾಸವಿದೆ. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟಿನ ಕೆಲಸ 1953ರ ಹೊತ್ತಿಗೆ ನೀರು ನಿಲ್ಲುವ ಮಟ್ಟಿಗೆ ಮುಗಿದು, ಎಡದಂಡೆಯ ಮುನಿರಾಬಾದಿನಲ್ಲಿ ವಿದ್ಯುದಾಗಾರವೂ ಎದ್ದಿತು. ಗಂಗಾವತಿಯ ಬಯಲು ಭತ್ತದ ಕಣಜವಾಯಿತು. ಊರುಗಳಿಗೆ ತಂತಿಕಂಬಗಳು ಬಂದುವು. ಗೊಂಬೆಯಾಟದ ಪರದೆಯ ಹಿಂದೆ ಎಣ್ಣೆಯ ದೀಪ ಹೋಗಿ ಗ್ಯಾಸ್‌ಲೈಟು, ಗ್ಯಾಸ್‌ಲೈಟು ಹೋಗಿ ವಿದ್ಯುದ್ದೀಪ ತೂಗಿತು. ಹೊಸ ದೀಪಕ್ಕೆ ಎಣ್ಣೆಯ ಖರ್ಚಿಲ್ಲ, ಮಸಿಯಿಲ್ಲ, ದೂರ ಕುಳಿತವರಿಗೂ ಚಿತ್ರ ಸ್ಪಷ್ಟ. ಆಡಿಸುವವರ ಕಣ್ಣಿಗೂ ಹೊಗೆಯ ಬಾಧೆ ತಪ್ಪಿತು. ಅವರು ಅದನ್ನು ಒಪ್ಪಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ರಾಮಲಕ್ಷ್ಮಣರಿಗೆ ಇದ್ದ ಉಸಿರು ನಿಂತುಹೋಯಿತು. ವಿದ್ಯುದ್ದೀಪವು ನಮಗೆ ಕಾಣದಷ್ಟು ವೇಗವಾಗಿ ನಡುಗುವುದರಿಂದ ಕಣ್ಣಿಗೆ ಸ್ಥಿರವಾಗಿಯೇ ತೋರುತ್ತದೆ. ಜ್ವಾಲೆಯ ನಡುಕ ಕಣ್ಣಿಗೆ ನಿಲುಕುವಂತಹುದು, ಲೆಕ್ಕಕ್ಕೆ ಸಿಗದಂತಹುದು.

ತೊಗಲು ಗೊಂಬೆಯಾಟವನ್ನು ವೀಡಿಯೋದಲ್ಲಿ ದಾಖಲಿಸುವವರ ಮುಂದೆ ಈಗ ಒಂದು ವಿಚಿತ್ರವಾದ ಪ್ರಶ್ನೆಯಿದೆ. ವಿದ್ಯುದ್ದೀಪದಲ್ಲಿ ಆಡಿಸಿದ ಆಟದ ದಾಖಲೆಗೆ, ಸಂಕಲನದ ಕೋಣೆಯಲ್ಲಿ ಕುಳಿತು, ಎಣ್ಣೆದೀಪದ ಬಣ್ಣವನ್ನೂ ಕಂಪನವನ್ನೂ ಮರಳಿ ತುಂಬಬಹುದು. ನಡುವಿನಿಂದ ಅಂಚಿಗೆ ಬೆಳಕು ಕರಗುವಂತೆ ಮಾಡಬಹುದು. ಇದು ಜೀರ್ಣೋದ್ಧಾರವೋ ಅಥವಾ ಹುಸಿಯೋ? ಕಥಾಚಿತ್ರದಲ್ಲಾದರೆ ಇಂತಹ ಬೆಳಕಿಗೆ ಯಾವ ಆಕ್ಷೇಪವೂ ಇಲ್ಲ. ಅಲ್ಲಿ ನಂಬಿಸುವುದೇ ಧರ್ಮ. ದಾಖಲೆಯಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಇಂದಿನ ಕ್ಯಾಮೆರಾಗಳು ಒಂದು ಹಣತೆಯ ಬೆಳಕಿನಲ್ಲಿಯೂ ಚೆನ್ನಾಗಿ ಚಿತ್ರ ಹಿಡಿಯಬಲ್ಲುವು. ಮೂಕಿಚಿತ್ರದ ಕಾಲದ ಅಸಹಾಯಕತೆ ನಮಗಿಲ್ಲ. ಆದುದರಿಂದ ಆಡಿಸುವವರು ಒಪ್ಪಿದರೆ ಒಂದು ಪ್ರಸಂಗವನ್ನಾದರೂ ಎಣ್ಣೆಯ ದೀಪವನ್ನು ತೂಗಿಬಿಟ್ಟೇ ಆಡಿಸಿ ಹಿಡಿಯಬೇಕು. ಆಗಲೇ ಹಿಡಿದಿರುವ ಹಳೆಯ ದಾಖಲೆಗಳಿಗೆ ದೀಪವನ್ನು ಸೇರಿಸುವುದಾದರೆ, ಸೇರಿಸದ ಮೂಲಪ್ರತಿಯನ್ನು ಬೇರೆಯಾಗಿ ಕಾಪಾಡಿ, ಯಾವುದು ಮೂಲ ಯಾವುದು ಆಮೇಲಿನದೆಂದು ನೋಡುವವರಿಗೆ ತಿಳಿಸಬೇಕು. ಇದಕ್ಕೂ ಮೊದಲು ಮಾಡಬೇಕಾದ ಕೆಲಸ ಇನ್ನೊಂದುಂಟು. ದೀಪವನ್ನು ಎಷ್ಟು ಎತ್ತರಕ್ಕೆ ಕಟ್ಟುತ್ತಿದ್ದರು, ಪಂಚೆಗೂ ದೀಪಕ್ಕೂ ಎಷ್ಟು ಅಂತರವಿರುತ್ತಿತ್ತು, ಯಾವ ಎಣ್ಣೆ, ಎಷ್ಟು ಬತ್ತಿ, ಗಾಳಿ ಬೀಸಿದರೆ ಏನು ಮಾಡುತ್ತಿದ್ದರು, ಯಾವ ಪಾತ್ರವನ್ನು ದೀಪದ ಸಮೀಪಕ್ಕೆ ತರುತ್ತಿದ್ದರು, ಯಾವುದನ್ನು ಎಂದೂ ತರುತ್ತಿರಲಿಲ್ಲ ಎಂಬ ವಿವರಗಳನ್ನು ಆ ಬೆಳಕಿನಲ್ಲಿ ಕೈಯಾಡಿಸಿದ ಹಿರಿಯರಿಂದ ಕೇಳಿ, ಅವರ ಮಾತಿನಲ್ಲಿಯೇ, ಮೊರನಾಳದಂತಹ ಊರುಗಳಲ್ಲಿ ಕುಳಿತು ಬರೆದುಕೊಳ್ಳಬೇಕು.